ವಿಜಯದಾಸರು ಮತ್ತು ದೇವರ ಪ್ರಮಾಣ

ದೇವರು ಇದ್ದಾನೆಂಬುದಕ್ಕೆ ಪ್ರಮಾಣವೇನು? ತರ್ಕಶಾಸ್ತ್ರವನ್ನು ಓದುವ ವಿದ್ಯಾರ್ಥಿಯನ್ನು ಕಾಡುವ ಈ ಪ್ರಶ್ನೆ ನಮ್ಮ ರಾಯಚೂರು ಸೀಮೆಗೆ ಹೊಸದಲ್ಲ. ಮಾನವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಜನಿಸಿದ ವಿಜಯದಾಸರ ಚರಿತ್ರೆಯನ್ನು ಅವಲೋಕಿಸಿದರೆ ಈ ಮಾತು ಮನದಟ್ಟಾಗುತ್ತದೆ.

ದಾಸರ ಜನನ 1682ರಲ್ಲಿ ಎಂದು ಎಣಿಸುತ್ತಾರೆ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಬಾಲ್ಯದ ಹೆಸರು ದಾಸಪ್ಪ. ಮನೆಯಲ್ಲಿ ಕಡುಬಡತನ. ಅದನ್ನು ತಾಳಲಾರದೆ ಊರು ಬಿಟ್ಟು, ಅಲೆದಲೆದು ಕಾಶಿಯನ್ನು ಸೇರಿದರು. ಅಲ್ಲಿ ಕನಸಿನಲ್ಲಿ ಪುರಂದರದಾಸರು ದರ್ಶನವಿತ್ತು ವಿಜಯವಿಠಲನೆಂಬ ಅಂಕಿತವನ್ನು ಅನುಗ್ರಹಿಸಿದರೆಂಬುದು ಸಂಪ್ರದಾಯದ ಮಾತು. ಅಂದಿನಿಂದ ದಾಸಪ್ಪ ವಿಜಯದಾಸರಾದರು.

ಕನಸು ಪ್ರಮಾಣವಾದೀತೇ ಎಂದು ತಾರ್ಕಿಕನು ಕೇಳದಿರಲಾರ. ಹತ್ತನೆಯ ಶತಮಾನದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಅನುಮಾನದಿಂದ ಈಶ್ವರನನ್ನು ಸಾಧಿಸಹೊರಟರು: ಗಡಿಗೆಗೆ ಕುಂಬಾರನಿರುವಂತೆ ಜಗತ್ತೆಂಬ ಕಾರ್ಯಕ್ಕೂ ಒಬ್ಬ ಕರ್ತನಿರಬೇಕು. ಆದರೆ ಕುಂಬಾರನಿಗೆ ಶರೀರವಿದೆ. ಹಾಗಾದರೆ ಜಗತ್ಕರ್ತನಿಗೂ ಅಂಥದೇ ಶರೀರ ಬೇಡವೇ? ಹೀಗೆ ಅದೇ ದೃಷ್ಟಾಂತ ತಿರುಗಿಬೀಳುತ್ತದೆ. ಆದ್ದರಿಂದಲೇ ಮಧ್ವಾಚಾರ್ಯರು ಬರಿಯ ಅನುಮಾನವನ್ನು ನಂಬದೆ, ದೇವರನ್ನು ತಿಳಿಯಲು ಆಗಮವೇ ಆಧಾರವೆಂದರು. ಜ್ಞಾನದ ನಿಶ್ಚಯಕ್ಕೆ ಆತ್ಮಸ್ವರೂಪವೇ ಆದ ಸಾಕ್ಷಿಯನ್ನು ಒಪ್ಪಿದರು. ವಿಜಯದಾಸರು ನಡೆದದ್ದು ಇದೇ ಹಾದಿ. ಸಂಸ್ಕೃತ ಗ್ರಂಥಗಳಲ್ಲಿ ಅಡಗಿದ್ದ ಈ ತತ್ತ್ವಗಳನ್ನು ಅವರು ಕನ್ನಡ ಸುಳಾದಿಗಳಲ್ಲಿ ಹಾಡಿ, ಓದುಬರಹ ಬಾರದವರ ಕಿವಿಗೂ ಮುಟ್ಟಿಸಿದರು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಅದೇ ಮಾನವಿಯ ಪಂಡಿತ ಶ್ರೀನಿವಾಸಾಚಾರ್ಯರಿಗೆ ಕನ್ನಡದ ಹಾಡೆಂದರೆ ತಾತ್ಸಾರ. ದಾಸರು ಊಟಕ್ಕೆ ಕರೆದಾಗ ಅವರು ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರೆಂದೂ, ಆ ನೋವು ನಿಜವಾಗಿಯೇ ಬಂದೆರಗಿತೆಂದೂ, ಕಡೆಗೆ ದಾಸರ ಶಿಷ್ಯರಾದ ಗೋಪಾಲದಾಸರಿಂದ ಅದು ಪರಿಹಾರವಾಯಿತೆಂದೂ ಕಥೆಯಿದೆ. ವ್ಯಾಧಿ ವಾಸಿಯಾದದ್ದು ದೇವರಿಗೆ ಪ್ರಮಾಣವಲ್ಲವೆಂದು ವಿಮರ್ಶಕನು ಹೇಳಬಹುದು. ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಅದೇ ಪಂಡಿತರು ಜಗನ್ನಾಥದಾಸರಾಗಿ, ತಾವು ಹಿಂದೆ ಹಳಿದ ಕನ್ನಡದಲ್ಲಿಯೇ ಹರಿಕಥಾಮೃತಸಾರವನ್ನು ರಚಿಸಿದ್ದು ಕಥೆಯಲ್ಲ. ಗ್ರಂಥ ಇಂದಿಗೂ ನಮ್ಮ ಮುಂದಿದೆ.

ವಿಜಯದಾಸರು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಅವರ ಕನಸು ಅವರಿಗೆ ಮಾತ್ರ ಸಾಕ್ಷಿ, ನಮಗಲ್ಲ. ಅವರ ಬಾಳು ದೇವರನ್ನು ತರ್ಕದಿಂದ ಸಾಧಿಸಿಕೊಡುವುದಿಲ್ಲ, ತರ್ಕಕ್ಕೂ ಒಂದು ಎಲ್ಲೆಯುಂಟೆಂದು ತೋರಿಸುತ್ತದೆ. ಆಸ್ತಿಕನಾಗಲಿ ನಾಸ್ತಿಕನಾಗಲಿ, ತನ್ನ ಅರಿವಿಗೆ ಆಧಾರವೇನೆಂದು ತನ್ನನ್ನೇ ಕೇಳಿಕೊಳ್ಳುವ ವಿದ್ಯಾರ್ಥಿಗೆ ಚೀಕಲಪರ್ವಿ ಬರಿಯ ಯಾತ್ರಾಸ್ಥಳವಲ್ಲ, ಅದೊಂದು ಪಾಠಶಾಲೆ.