ಸರ್ ಎಂ. ವಿಶ್ವೇಶ್ವರಯ್ಯ: ನೀರಿನ ಗುಣವರಿತು ಸಾಧನವನ್ನು ಆಯ್ದ ಅಭಿಯಂತರರು

ಪೀಠಿಕೆ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಜಲಾಶಯ, ವಿದ್ಯುದಾಗಾರ ಹಾಗೂ ಕಾರ್ಖಾನೆಗಳು ದ್ರವದ ಹರಿವಿನ ಸಮರ್ಪಕ ನಿಯಂತ್ರಣವನ್ನು ಅವಲಂಬಿಸಿವೆ. ಇದಕ್ಕೆ ತಕ್ಕ ಗೇಟು ಅಥವಾ ವಾಲ್ವನ್ನು ಆಯ್ಕೆ ಮಾಡುವ ಕ್ರಮಕ್ಕೆ ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನವು ಉತ್ತಮ ನಿದರ್ಶನವಾಗಿದೆ.

ಶಿಕ್ಷಣ ಮತ್ತು ಸೇವಾರಂಭ

ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು, ಪುಣೆಯಲ್ಲಿ ಅಭಿಯಂತರ ಶಿಕ್ಷಣ ಪೂರೈಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಉತ್ತರ ಕನ್ನಡ ಜಿಲ್ಲೆಯೂ ಆಗ ಇದೇ ಪ್ರಾಂತ್ಯಕ್ಕೆ ಸೇರಿತ್ತು. ಖಾನ್‌ದೇಶದಲ್ಲಿ ಕೊಳವೆ ಸೈಫನ್ ನಿರ್ಮಾಣ, ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಶುದ್ಧ ನೀರಿನ ಪೂರೈಕೆ ಹಾಗೂ 1899ರಲ್ಲಿ ನೀರಾ ಕಾಲುವೆಯ ನೀರನ್ನು ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿ ಇವರ ಆರಂಭದ ಪ್ರಮುಖ ಕಾರ್ಯಗಳು.

ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳು

ಪುಣೆ ನಗರಕ್ಕೆ ಮತ್ತು ಕಾಲುವೆಗಳಿಗೆ ನೀರುಣಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಕೋಡಿಯನ್ನು ಶಾಶ್ವತವಾಗಿ ಎತ್ತರಿಸಿದಲ್ಲಿ ಪ್ರವಾಹದ ವೇಳೆ ಕಟ್ಟೆಗೆ ಅಪಾಯವಿತ್ತು. ಕೈಯಿಂದ ತೆರೆಯುವ ಗೇಟುಗಳನ್ನು ಅಳವಡಿಸಿದಲ್ಲಿ, ನಡುರಾತ್ರಿ ಬರುವ ಪ್ರವಾಹಕ್ಕೆ ಕಾವಲುಗಾರನ ಎಚ್ಚರವೊಂದೇ ಆಧಾರವಾಗುತ್ತಿತ್ತು. ಆದ್ದರಿಂದ ನೀರು ನಿಗದಿತ ಮಟ್ಟ ಮೀರಿದೊಡನೆ ನೀರಿನ ಬಲದಿಂದಲೇ ತೆರೆದುಕೊಂಡು, ಮಟ್ಟ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯನವರು ರೂಪಿಸಿ ಪೇಟೆಂಟ್ ಪಡೆದರು. 1903ರಲ್ಲಿ ಇವು ಖಡಕ್‌ವಾಸ್ಲಾದಲ್ಲಿ ಅಳವಡಿಕೆಯಾದವು. ಮುಂದೆ ಗ್ವಾಲಿಯರ್‌ನ ತಿಗ್ರಾ ಹಾಗೂ ಮೈಸೂರಿನ ಕೃಷ್ಣರಾಜಸಾಗರದಲ್ಲಿಯೂ ಈ ವಿಧಾನವನ್ನು ಅನುಸರಿಸಲಾಯಿತು.

ಮೈಸೂರು ಸಂಸ್ಥಾನದ ಸೇವೆ

1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ನಗರವು ಅಪಾರ ಪ್ರಾಣಹಾನಿಗೆ ಈಡಾದಾಗ, ಪ್ರವಾಹ ತಡೆಯ ಯೋಜನೆಯನ್ನು ಇವರು ಸಿದ್ಧಪಡಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಅಭಿಯಂತರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಸೇವೆ ಸಲ್ಲಿಸಿದರು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವು ಇವರ ಹಿರಿಮೆಗೆ ಸಾಕ್ಷಿಯಾಗಿದೆ. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಇವರು 1962ರ ಏಪ್ರಿಲ್‌ನಲ್ಲಿ ನಿಧನರಾದರು.

ಸಾಧನದ ಮಿತಿ

1961ರ ಜುಲೈ 12ರಂದು ಮೇಲ್ಭಾಗದ ಪಾನ್‌ಶೆತ್ ಅಣೆಕಟ್ಟು ಒಡೆದು, ಅದರ ನೀರಿನ ರಭಸಕ್ಕೆ ಖಡಕ್‌ವಾಸ್ಲಾ ಕಟ್ಟೆಯೂ ಒಡೆಯಿತು. ಮಳೆಗಾಲದ ಪ್ರವಾಹಕ್ಕೆಂದು ರೂಪಿಸಿದ ಗೇಟುಗಳು ಒಡೆದ ಅಣೆಕಟ್ಟಿನ ನೀರನ್ನು ತಡೆದುಕೊಳ್ಳುವಂತಿರಲಿಲ್ಲ. ಪ್ರತಿಯೊಂದು ನಿಯಂತ್ರಣ ಸಾಧನಕ್ಕೂ ಅದರದೇ ಆದ ಮಿತಿ ಇರುತ್ತದೆ; ಆ ಮಿತಿಯನ್ನು ಅರಿಯುವುದೂ ಆಯ್ಕೆಯ ಭಾಗವೇ ಆಗಿದೆ.

ಇಂದಿನ ಉಪಯುಕ್ತತೆ

ಜೋಯಿಡಾ ತಾಲ್ಲೂಕಿನಲ್ಲಿ ಕಾಳಿ ನದಿಗೆ ಕಟ್ಟಲಾದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ನಾಗಝರಿ ವಿದ್ಯುದಾಗಾರ, ಮುಂಡಗೋಡ ತಾಲ್ಲೂಕಿನ ಮಳಗಿ ಸಮೀಪದ ಧರ್ಮಾ ಜಲಾಶಯ, ದಾಂಡೇಲಿಯ ಕಾಗದ ಕಾರ್ಖಾನೆ ಹಾಗೂ ಹಳಿಯಾಳದ ಸಕ್ಕರೆ ಕಾರ್ಖಾನೆಗಳಿಗೆ ಈ ವಿವೇಚನೆ ಅನ್ವಯಿಸುತ್ತದೆ. ಹರಿವನ್ನು ಪೂರ್ಣ ತೆರೆಯಲು ಅಥವಾ ಮುಚ್ಚಲು ಗೇಟ್ ವಾಲ್ವ್, ಹೆಚ್ಚು ಕಡಿಮೆ ಮಾಡಲು ಗ್ಲೋಬ್ ವಾಲ್ವ್, ನಾರುಭರಿತ ಕಾಗದದ ತಿರುಳಿಗೆ ಅಲಗಿನಂತಹ ತಟ್ಟೆಯುಳ್ಳ ನೈಫ್ ಗೇಟ್ ವಾಲ್ವ್, ಪಂಪಿನತ್ತ ನೀರು ಹಿಂದಿರುಗದಂತೆ ನಾನ್ ರಿಟರ್ನ್ ವಾಲ್ವ್ ಸೂಕ್ತ. ಬಾಯ್ಲರಿಗೆ ಸೇಫ್ಟಿ ವಾಲ್ವ್ ಅತ್ಯಗತ್ಯ. ನಿಗದಿತ ಒತ್ತಡ ಮೀರಿದಾಗ ಅದು ತಾನಾಗಿಯೇ ತೆರೆಯುವುದು ಖಡಕ್‌ವಾಸ್ಲಾದ ಗೇಟುಗಳ ತತ್ತ್ವವನ್ನೇ ಹೋಲುತ್ತದೆ. ದ್ರವದ ಗುಣ, ಒತ್ತಡ, ಉಷ್ಣತೆ ಮತ್ತು ಆಪತ್ಕಾಲದ ಸ್ಥಿತಿಯನ್ನು ಮೊದಲು ಪರಿಶೀಲಿಸಿ, ಬೆಲೆಯನ್ನು ಅನಂತರ ಪರಿಗಣಿಸುವುದು ಕ್ಷೇಮಕರ.

ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಅಭಿಯಂತರರ ದಿನವನ್ನಾಗಿ ಆಚರಿಸಲಾಗುತ್ತಿದೆ.