ಸಿರಿಯನ್ನು ವಿದ್ಯೆಯಾಗಿಸಿದ ಸಾಧ್ವಿ: ಸಂತ ಕ್ಯಾಥರೀನ್ ಡ್ರೆಕ್ಸೆಲ್

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ, ನಮ್ಮ ಊರಿನವರಲ್ಲದ, ನಮ್ಮ ದೇಶದವರೂ ಅಲ್ಲದ ಒಬ್ಬ ಕನ್ಯಾಸ್ತ್ರೀಯ ಜೀವನವನ್ನು ನಾವು ಏಕೆ ಬರೆಯುತ್ತಿದ್ದೇವೆ ಎಂದು ಭಕ್ತಾದಿಗಳು ಕೇಳಬಹುದು. ಕಾರಣವುಂಟು. ಗೋವೆಯಲ್ಲಿ ಚಿರನಿದ್ರೆಯಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರು ನಮ್ಮ ಮನೆಮನೆಗಳಲ್ಲಿಯೂ ಇದೆ. ಅದೇ ಹೆಸರನ್ನು ಹೊತ್ತ ಒಂದು ವಿಶ್ವವಿದ್ಯಾಲಯವು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿದೆ. ಯಾರಿಗೆ ಉನ್ನತ ವಿದ್ಯೆಯ ಬಾಗಿಲುಗಳೆಲ್ಲವೂ ಮುಚ್ಚಿದ್ದವೋ ಅವರಿಗಾಗಿ ಅದನ್ನು ಕಟ್ಟಿದವರು ಸಂತ ಕ್ಯಾಥರೀನ್ ಡ್ರೆಕ್ಸೆಲ್. ನಾವು ಗುರುವಿದ್ಯಾಮಂದಿರದ ದಿನಗಳಲ್ಲಿದ್ದಾಗ, 1988ರಲ್ಲಿ, ಅವರಿಗೆ ಪುನೀತ ಪದವಿ ದೊರೆಯಿತು. ಅಂದಿನಿಂದ ಈ ಜೀವನಕಥೆ ನಮ್ಮನ್ನು ಬಿಡದೆ ಕಾಡಿದೆ.

ಕ್ಯಾಥರೀನ್ ಜನಿಸಿದ್ದು 1858ರ ನವೆಂಬರ್ 26ರಂದು, ಫಿಲಡೆಲ್ಫಿಯಾ ನಗರದಲ್ಲಿ. ತಂದೆ ಫ್ರಾನ್ಸಿಸ್ ಡ್ರೆಕ್ಸೆಲ್ ಆ ದೇಶದ ಅತಿ ದೊಡ್ಡ ಬ್ಯಾಂಕು ವ್ಯವಹಾರಸ್ಥರಲ್ಲಿ ಒಬ್ಬರು. ಮಗು ಹುಟ್ಟಿದ ಐದು ವಾರಗಳಲ್ಲಿಯೇ ತಾಯಿ ತೀರಿಕೊಂಡರು. ಎರಡು ವರ್ಷಗಳ ತರುವಾಯ ತಂದೆ ಎಮ್ಮಾ ಬೂವಿಯೇ ಎಂಬ ಭಕ್ತೆಯನ್ನು ವಿವಾಹವಾದರು. ಮಲತಾಯಿ ಎಂಬ ಮಾತು ಆ ಮನೆಯಲ್ಲಿ ಅರ್ಥವನ್ನೇ ಕಳೆದುಕೊಂಡಿತು. ವಾರದಲ್ಲಿ ಕೆಲವು ದಿನ ಎಮ್ಮಾ ಮನೆಯ ಬಾಗಿಲನ್ನು ಬಡವರಿಗಾಗಿ ತೆರೆದು, ಬಾಡಿಗೆಗೆ ಹಣವನ್ನೂ ಬಟ್ಟೆಯನ್ನೂ ಔಷಧವನ್ನೂ ಕೊಡುತ್ತಿದ್ದರು. ಮೂವರು ಹೆಣ್ಣುಮಕ್ಕಳೂ ಆ ಕೆಲಸದಲ್ಲಿ ಕೈಗೂಡಿಸಬೇಕಿತ್ತು. ಸಿರಿಯೆಂಬುದು ತಮ್ಮದಲ್ಲ, ಹಂಚುವುದಕ್ಕೆಂದು ದೇವರು ತಮ್ಮ ಕೈಯಲ್ಲಿ ಇಟ್ಟಿರುವುದು ಎಂಬ ಪಾಠವನ್ನು ಕ್ಯಾಥರೀನ್ ಕಲಿತದ್ದು ಈ ಬಾಗಿಲಲ್ಲಿಯೇ.

1883ರಲ್ಲಿ ಎಮ್ಮಾ, 1885ರಲ್ಲಿ ತಂದೆ, ಹೀಗೆ ಇಬ್ಬರೂ ಕಾಲವಶರಾದರು. ತಂದೆಯ ಆಸ್ತಿ ಒಂದೂವರೆ ಕೋಟಿ ಡಾಲರುಗಳಿಗೂ ಮಿಗಿಲು. ಅದರ ಹತ್ತನೆಯ ಒಂದು ಭಾಗ ನೇರವಾಗಿ ಧರ್ಮಕಾರ್ಯಗಳಿಗೆ ಸಂದಿತು. ಉಳಿದುದರ ಮೂಲಧನವನ್ನು ಮುಟ್ಟದೆ, ಅದರ ಆದಾಯವನ್ನು ಮಾತ್ರ ಮೂವರು ಪುತ್ರಿಯರು ಅನುಭವಿಸಬೇಕೆಂದೂ, ಅವರಿಗೆ ಸಂತಾನವಿಲ್ಲದಿದ್ದರೆ ಅವರ ಕಾಲಾನಂತರ ಮೂಲಧನವು ತಾವು ಹೆಸರಿಸಿದ ಧರ್ಮಸಂಸ್ಥೆಗಳಿಗೆ ಹೋಗಬೇಕೆಂದೂ ಅವರು ಮರಣಶಾಸನ ಬರೆದಿದ್ದರು. ವಾಚಕರು ಈ ಷರತ್ತನ್ನು ನೆನಪಿನಲ್ಲಿಡಬೇಕು.

1887ರ ಜನವರಿಯಲ್ಲಿ ಕ್ಯಾಥರೀನ್ ರೋಮಿನಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರ ದರ್ಶನ ಪಡೆದರು. ಅಮೆರಿಕದ ಮೂಲನಿವಾಸಿಗಳ ನಡುವೆ ದುಡಿಯಲು ಧರ್ಮಪ್ರಚಾರಕರನ್ನು ಕಳುಹಿಸಬೇಕೆಂದು ಬೇಡಿದರು. ಜಗದ್ಗುರುಗಳು ಆಕೆಯೇ ಏಕೆ ಧರ್ಮಪ್ರಚಾರಕಿಯಾಗಬಾರದು ಎಂದು ಮರುಪ್ರಶ್ನೆ ಹಾಕಿದರು. ಹಣ ಕೊಡಲು ಹೋದವಳಿಂದ ದೇವರು ಆಕೆಯನ್ನೇ ಕೇಳಿದಂತಾಯಿತು. ಆಕೆ ಕಣ್ಣೀರಿನೊಡನೆ ಹೊರಬಂದರು. ಆಕೆಯ ಆತ್ಮಸಲಹೆಗಾರರಾಗಿದ್ದ ಧರ್ಮಾಧ್ಯಕ್ಷ ಜೇಮ್ಸ್ ಓಕಾನರ್ ಬಹುಕಾಲ ಕಾದುನೋಡುವಂತೆ ಹೇಳಿ, ಕಡೆಗೆ ಒಪ್ಪಿದರು. 1889ರಲ್ಲಿ ಪಿಟ್ಸ್‌ಬರ್ಗಿನ ಕರುಣಾ ಭಗಿನಿಯರ ಮಠದಲ್ಲಿ ತರಬೇತಿಗೆ ಸೇರಿದ ಕ್ಯಾಥರೀನ್, 1891ರ ಫೆಬ್ರವರಿ 12ರಂದು ವ್ರತಸ್ವೀಕಾರ ಮಾಡಿ, ಮೂಲನಿವಾಸಿಗಳ ಹಾಗೂ ಕಪ್ಪು ಜನರ ಸೇವೆಗಾಗಿಯೇ ಪರಮ ಪ್ರಸಾದದ ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ಅದೇ ವರ್ಷ ಹೊಸ ಮಠಕ್ಕೆ ಅಡಿಗಲ್ಲು ಹಾಕುವ ಸಮಯದಲ್ಲಿ ಆ ನೆಲದ ಸಮೀಪ ಸಿಡಿಮದ್ದಿನ ಕಡ್ಡಿಯೊಂದು ಸಿಕ್ಕಿತು. ಈ ಸೇವೆ ಎಲ್ಲರಿಗೂ ಪ್ರಿಯವಾಗದೆಂಬುದು ಮೊದಲ ದಿನಗಳಲ್ಲಿಯೇ ತಿಳಿದುಹೋಯಿತು.

ಅಂದಿನ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ರದ್ದಾಯಿತು. ಆದರೆ ಅದನ್ನು ಹೆತ್ತ ಮನಸ್ಸು ರದ್ದಾಗಲಿಲ್ಲ. ನ್ಯೂ ಆರ್ಲಿಯನ್ಸಿನ ರೈಲುಗಾಡಿಯೊಂದರಲ್ಲಿ ಹುಟ್ಟಿದ ಮೊಕದ್ದಮೆಯಲ್ಲಿ, 1896ರಲ್ಲಿ, ಬಿಳಿಯರಿಗೂ ಕಪ್ಪು ಜನರಿಗೂ ಪ್ರತ್ಯೇಕ ವ್ಯವಸ್ಥೆ ಮಾಡುವುದು ನ್ಯಾಯಸಮ್ಮತವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಆಸ್ಪತ್ರೆ, ಸ್ಮಶಾನ ಎಲ್ಲವೂ ಬೇರೆ ಬೇರೆ. ಹೇಳಲು ನಮಗೆ ನಾಚಿಕೆಯಾಗುತ್ತದೆ, ಅನೇಕ ಕಥೋಲಿಕ ದೇವಾಲಯಗಳಲ್ಲಿಯೂ ಕಪ್ಪು ಭಕ್ತರು ಹಿಂದಿನ ಬೆಂಚುಗಳಲ್ಲಿ ಕುಳಿತು, ಬಿಳಿಯರೆಲ್ಲ ಪರಮ ಪ್ರಸಾದ ಸ್ವೀಕರಿಸಿದ ನಂತರ ಪೀಠದ ಬಳಿ ಬರಬೇಕಿತ್ತು. ದಕ್ಷಿಣದ ಕಥೋಲಿಕ ಕಾಲೇಜುಗಳು ಅವರಿಗೆ ತೆರೆದಿರಲಿಲ್ಲ.

1915ರಲ್ಲಿ ನ್ಯೂ ಆರ್ಲಿಯನ್ಸಿನ ಮಹಾಧರ್ಮಾಧ್ಯಕ್ಷರ ಕರೆಯ ಮೇರೆಗೆ ಮದರ್ ಕ್ಯಾಥರೀನ್ ಅಲ್ಲಿ ಖಾಲಿಯಾಗಿದ್ದ ಹಳೆಯ ಕಾಲೇಜು ಕಟ್ಟಡವನ್ನು ಕೊಂಡರು. ಸುತ್ತಲ ಜನರ ವಿರೋಧದ ಭಯದಿಂದ ಖರೀದಿಯು ಮಧ್ಯವರ್ತಿಯೊಬ್ಬರ ಮೂಲಕ ನಡೆಯಿತು. ಮೊದಲು ಪ್ರೌಢಶಾಲೆ, 1917ರಲ್ಲಿ ಶಿಕ್ಷಕರ ತರಬೇತಿ ಶಾಲೆ, 1925ರಲ್ಲಿ ಪದವಿ ಕಾಲೇಜು, 1927ರಲ್ಲಿ ಔಷಧಶಾಸ್ತ್ರ ವಿಭಾಗ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅದು ಬೆಳೆಯಿತು. ಈ ಕ್ರಮದಲ್ಲಿ ಒಂದು ವಿವೇಕವಿದೆ. ಲೂಯಿಸಿಯಾನದ ಹಳ್ಳಿಗಾಡಿನಲ್ಲಿ ಮದರ್ ಕ್ಯಾಥರೀನ್ ಶಾಲೆಗಳನ್ನು ಕಟ್ಟಿಸಿದ್ದರು. ಆದರೆ ಕಲಿಸುವವರು ಎಲ್ಲಿ? ಕಪ್ಪು ಜನರಲ್ಲಿಯೇ ಶಿಕ್ಷಕರೂ ವೈದ್ಯರೂ ಮುಂದಾಳುಗಳೂ ಹುಟ್ಟದೆ ಹೋದರೆ ದಾನವು ದಾನವಾಗಿಯೇ ಉಳಿಯುತ್ತದೆ, ನ್ಯಾಯವಾಗುವುದಿಲ್ಲ ಎಂಬುದನ್ನು ಆಕೆ ಅರಿತರು. ಹಸಿದವನಿಗೆ ಅನ್ನವಿಕ್ಕುವುದು ಧರ್ಮ. ಅವನ ಮಗನು ಪಂಕ್ತಿಯಲ್ಲಿ ಸಮನಾಗಿ ಕೂರುವಂತೆ ಮಾಡುವುದು ಅದಕ್ಕಿಂತ ದೊಡ್ಡ ಧರ್ಮ.

ಆ ವಿದ್ಯಾಲಯದಲ್ಲಿ ಪಾಠ ಹೇಳಲು ಕನ್ಯಾಸ್ತ್ರೀಯರ ಜೊತೆಗೆ ಬಿಳಿಯರೂ ಕಪ್ಪು ಜನರೂ ಆದ ಶ್ರೀಸಾಮಾನ್ಯ ಅಧ್ಯಾಪಕರಿದ್ದರು. ಕಥೋಲಿಕರಲ್ಲದ ವಿದ್ಯಾರ್ಥಿಗಳಿಗೂ ಪ್ರವೇಶವಿತ್ತು. 1932ರ ಅಕ್ಟೋಬರಿನಲ್ಲಿ ಹೊಸ ಕಲ್ಲಿನ ಕಟ್ಟಡಗಳು ಆಶೀರ್ವದಿಸಲ್ಪಟ್ಟವು. ವಿಶ್ವವಿದ್ಯಾಲಯಕ್ಕೆ ತಮ್ಮ ಹೆಸರನ್ನಾಗಲಿ ತಂದೆಯ ಹೆಸರನ್ನಾಗಲಿ ಆಕೆ ಇಡಲಿಲ್ಲ. ದೂರದ ನಾಡುಗಳಲ್ಲಿ ಅಲೆದ ಸಂತ ಕ್ಸೇವಿಯರರ ಹೆಸರಿಟ್ಟರು.

ಇಷ್ಟು ಹಣ ಸುರಿದ ಕೈ ತನಗಾಗಿ ಕಾಸನ್ನೂ ಬಿಚ್ಚಲಿಲ್ಲ. ಹರಿದ ಪಾದರಕ್ಷೆಗೆ ತೇಪೆ, ಬೆರಳಿಗೆ ಸಿಗದಷ್ಟು ಸವೆದ ಪೆನ್ಸಿಲು, ರೈಲಿನಲ್ಲಿ ಅಗ್ಗದ ಆಸನ, ಇದು ಕೋಟ್ಯಧಿಪತಿಯ ಮಗಳ ಬದುಕು. ಆದಾಯ ತೆರಿಗೆ ಬಂದು ಆ ಹಣವನ್ನು ನುಂಗತೊಡಗಿದಾಗ, 1924ರಲ್ಲಿ ಅಮೆರಿಕದ ಸಂಸತ್ತು, ಸತತ ಹತ್ತು ವರ್ಷ ತಮ್ಮ ಆದಾಯದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನು ದಾನಕ್ಕೂ ತೆರಿಗೆಗೂ ವಿನಿಯೋಗಿಸಿದವರ ದಾನಕ್ಕೆ ಪೂರ್ಣ ವಿನಾಯಿತಿ ಕೊಟ್ಟಿತು. ಆ ವಿಧಿಯ ಹಿಂದೆ ಇದ್ದುದು ಈ ಫಿಲಡೆಲ್ಫಿಯಾದ ಕನ್ಯಾಸ್ತ್ರೀಯೇ.

ಸಂತರ ಜೀವನವನ್ನು ಬರೆಯುವಾಗ ನೆರಳನ್ನು ಮರೆಮಾಚುವುದು ಸರಿಯಲ್ಲ. ಯಾರ ಸೇವೆಗೆಂದು ಸಭೆ ಹುಟ್ಟಿತೋ ಆ ಕಪ್ಪು ಕನ್ಯೆಯರನ್ನು ಅದು ಬಹುಕಾಲ ತನ್ನ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಕಪ್ಪು ಭಗಿನಿಯರದೇ ಆದ ಸಭೆಗಳು ಬಡವಾಗಬಾರದೆಂಬ ಕಾರಣವನ್ನು ಕೊಡಲಾಯಿತು. ಆದರೂ ಕಾಲದ ಪೂರ್ವಗ್ರಹ ಮಠದ ಗೋಡೆಯನ್ನೂ ದಾಟಿ ಒಳಬಂದಿತ್ತೆಂದೇ ನಾವು ಹೇಳಬೇಕು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇರಿಸಿದ ಅಂದಿನ ವಸತಿ ಶಾಲೆಗಳ ಪದ್ಧತಿಯನ್ನು ಇಂದು ಧರ್ಮಸಭೆಯೇ ನೋವಿನಿಂದ ಪರಿಶೀಲಿಸುತ್ತಿದೆ. ಸಂತರೂ ತಮ್ಮ ಕಾಲದ ಮಕ್ಕಳು. ಆದರೆ ಆ ಕಾಲವನ್ನು ಒಂದು ಹೆಜ್ಜೆಯಾದರೂ ಮುಂದಕ್ಕೆ ನೂಕಿದವರು.

1935ರಲ್ಲಿ ಹೃದಯಾಘಾತವಾಗಿ, 1937ರಲ್ಲಿ ಮದರ್ ಕ್ಯಾಥರೀನ್ ಅಧಿಕಾರವನ್ನು ಬಿಟ್ಟುಕೊಟ್ಟರು. ಮುಂದಿನ ಹದಿನೆಂಟು ವರ್ಷ ಪ್ರಾರ್ಥನೆಯೇ ಅವರ ಕಾಯಕವಾಯಿತು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 1955ರ ಮಾರ್ಚ್ 3ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಅಷ್ಟರಲ್ಲಿ ಸುಮಾರು ಎರಡು ಕೋಟಿ ಡಾಲರುಗಳು ಶಾಲೆ, ದೇವಾಲಯ, ವಿಶ್ವವಿದ್ಯಾಲಯಗಳಾಗಿ ಮಾರ್ಪಟ್ಟಿದ್ದವು.

ಈಗ ಆ ಷರತ್ತಿಗೆ ಬರೋಣ. ಅಕ್ಕತಂಗಿಯರು ಮೂವರೂ ಸಂತಾನವಿಲ್ಲದೆ ಗತಿಸಿದ್ದರಿಂದ, ಮೂಲಧನವೆಲ್ಲ ತಂದೆ ಹೆಸರಿಸಿದ್ದ ಸಂಸ್ಥೆಗಳಿಗೆ ಹೋಯಿತು. ಅವರು ಕಾಲವಾದ ಮೇಲೆ ಹುಟ್ಟಿದ ಮಗಳ ಸಭೆಯ ಹೆಸರು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಮದರ್ ಕ್ಯಾಥರೀನರ ಕೊನೆಯುಸಿರಿನೊಂದಿಗೆ ಹಣದ ಹೊಳೆಯೂ ನಿಂತಿತು. ವಿಶ್ವವಿದ್ಯಾಲಯವೂ ನಿಂತುಹೋಗಬಹುದಿತ್ತು. ನಿಲ್ಲಲಿಲ್ಲ.

1961ರಲ್ಲಿ ಬಸ್ಸುಗಳಲ್ಲಿ ವರ್ಣಭೇದವನ್ನು ಪ್ರತಿಭಟಿಸಿ ಹೊರಟು ಪೆಟ್ಟು ತಿಂದು ಬಂದ ಸ್ವಾತಂತ್ರ್ಯಯಾತ್ರಿಗಳಿಗೆ ನಗರದಲ್ಲಿ ಇಳಿದುಕೊಳ್ಳಲು ಜಾಗ ಸಿಗದಾದಾಗ, ಈ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯ ಅವರಿಗೆ ಆಸರೆಯಾಯಿತು. ಆ ವ್ಯವಸ್ಥೆ ಮಾಡಿದ ನಾರ್ಮನ್ ಫ್ರಾನ್ಸಿಸ್ ಅಲ್ಲಿಯೇ 1952ರಲ್ಲಿ ಪದವಿ ಪಡೆದವರು. 1968ರಲ್ಲಿ ಕನ್ಯಾಸ್ತ್ರೀಯರು ಅವರ ಕೈಗೆ ಅಧ್ಯಕ್ಷ ಪದವಿಯನ್ನೇ ಒಪ್ಪಿಸಿದರು. 1987ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅಲ್ಲಿಗೆ ಭೇಟಿಯಿತ್ತರು. 2000ದ ಅಕ್ಟೋಬರ್ 1ರಂದು ಅವರೇ ಮದರ್ ಕ್ಯಾಥರೀನರನ್ನು ಸಂತರೆಂದು ಘೋಷಿಸಿದರು. 2005ರ ಕತ್ರೀನಾ ಚಂಡಮಾರುತದಲ್ಲಿ ಆವರಣವೆಲ್ಲ ಜಲಾವೃತವಾದರೂ, 2006ರ ಜನವರಿಯಲ್ಲಿ ತರಗತಿಗಳು ಮರಳಿ ಆರಂಭವಾದವು. ಇಂದು ಎಲ್ಲ ವರ್ಣದವರೂ ಅಲ್ಲಿ ಓದುತ್ತಾರೆ. ವೈದ್ಯಕೀಯಕ್ಕೆ ಹೋಗುವ ಕಪ್ಪು ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದರಲ್ಲಿ ಅದು ಮುಂಚೂಣಿಯಲ್ಲಿದೆ.

ಪ್ರಿಯ ಭಕ್ತಾದಿಗಳೇ, ಹಿಂದಿನ ಬೆಂಚು ಅಮೆರಿಕದಲ್ಲಿ ಮಾತ್ರ ಇತ್ತೆಂದು ತಿಳಿದು ಸಮಾಧಾನಗೊಳ್ಳುವಂತಿಲ್ಲ. ನಮ್ಮ ದೇಶದ ಧರ್ಮಾಧ್ಯಕ್ಷರು 2016ರಲ್ಲಿ ದಲಿತ ಕ್ರೈಸ್ತರ ಏಳಿಗೆಗಾಗಿ ಧರ್ಮಸಭೆಯ ನೀತಿಯೊಂದನ್ನು ಪ್ರಕಟಿಸಬೇಕಾಯಿತೆಂದರೆ, ಜಾತಿಯೆಂಬ ಕಳೆ ನಮ್ಮ ಅಂಗಳದಲ್ಲಿಯೂ ಬೆಳೆದಿದೆಯೆಂದೇ ಅರ್ಥ. ದೀಕ್ಷಾಸ್ನಾನದ ಜಲವು ಒಂದೇ ಆಗಿರುವಾಗ ಮದುವೆಯಲ್ಲಿ, ಊಟದಲ್ಲಿ, ಸ್ಮಶಾನದಲ್ಲಿ ನಾವು ಎಳೆಯುವ ಗೆರೆಗಳು ಯಾವ ದೇವರಿಗೆ ಪ್ರಿಯ? ಶತಮಾನೋತ್ಸವಕ್ಕೆ ಗೋಪುರಕ್ಕೆ ಬಣ್ಣ ಬಳಿಯುವುದು ಸುಲಭ. ನಮ್ಮ ಧರ್ಮಕೇಂದ್ರದಲ್ಲಿ ಶುಲ್ಕ ಕಟ್ಟಲಾರದೆ ಓದು ನಿಲ್ಲಿಸುವ ಒಂದು ಮಗುವನ್ನು, ಅದು ಯಾವ ಕೇರಿಯದೆಂದು ಕೇಳದೆ, ಕಾಲೇಜಿನ ಬಾಗಿಲವರೆಗೆ ಕೈಹಿಡಿದು ನಡೆಸುವುದು ಕಷ್ಟ. ಎರಡನೆಯ ಶತಮಾನಕ್ಕೆ ಕಾಲಿಡುವ ನಾವು ಈ ಕಷ್ಟದ ಕೆಲಸವನ್ನೇ ಆರಿಸಿಕೊಳ್ಳೋಣ. ಸಂತ ಕ್ಯಾಥರೀನರು ಅದಕ್ಕಾಗಿ ನಮ್ಮ ಪರವಾಗಿ ಪ್ರಾರ್ಥಿಸಲಿ.