ಭೂಲೋಕಮಲ್ಲ ಸೋಮೇಶ್ವರ: ಮತ್ಸ್ಯವಿನೋದವನ್ನು ಬರೆದ ಚಕ್ರವರ್ತಿ

ಸಹ್ಯಾದ್ರಿಯ ಮಡಿಲಲ್ಲಿ ಜನಿಸಿ ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭೆಯು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಾಗಿ ನಿಂತು, ಧೂಪದಾಳದ ಒಡ್ಡಿನಲ್ಲಿ ಮತ್ತೊಮ್ಮೆ ತಡೆಗೊಂಡು, ಗೋಕಾಕದಲ್ಲಿ 52 ಮೀಟರು ಕೆಳಕ್ಕೆ ಧುಮುಕಿ, ಮೂಡಲಗಿ ಸೀಮೆಯನ್ನು ತಣಿಸುತ್ತ ಸಾಗಿ ಕೊನೆಗೆ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಆ ಜಲಪಾತದ ಮಗ್ಗುಲಲ್ಲಿ ಚಾಲುಕ್ಯ ಶೈಲಿಯ ಪ್ರಾಚೀನ ದೇವಾಲಯವೊಂದು ಇಂದಿಗೂ ನಿಂತಿದೆ. ಈ ನಾಡು ಅಂದು ಕೂಂಡಿ ಮೂರುಸಾವಿರವೆಂಬ ಹೆಸರಿನಿಂದ ಪ್ರಸಿದ್ಧವಾಗಿದ್ದಿತು. ಸುಗಂಧವರ್ತಿಯ, ಅಂದರೆ ಈಗಿನ ಸವದತ್ತಿಯ ರಟ್ಟರು ಇದನ್ನು ಆಳುತ್ತಿದ್ದರು. ಅವರು ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳಿಗೆ ಮಾಂಡಲಿಕರಾಗಿದ್ದರು. ಆ ಚಕ್ರವರ್ತಿಗಳಲ್ಲಿ ಒಬ್ಬನು ನೀರಿನೊಳಗಣ ಮೀನುಗಳ ಜಾತಿ, ಗಾತ್ರ, ಆಹಾರಗಳನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿಟ್ಟು ಹೋಗಿದ್ದಾನೆ. ಆತನೇ ಮೂರನೆಯ ಸೋಮೇಶ್ವರ. ಭೂಲೋಕಮಲ್ಲನೆಂಬುದು ಅವನ ಬಿರುದು. ಸರ್ವಜ್ಞ ಚಕ್ರವರ್ತಿಯೆಂಬುದು ಅವನ ಕೀರ್ತಿ.

ಮಠದ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಮೀನು, ಗಾಳಗಳ ಮಾತೇಕೆ ಎಂದು ಕೆಲವರು ಶಂಕಿಸಬಹುದು. ಶಂಕೆ ಸಹಜವೇ. ದಯೆಯನ್ನು ಮೂಲವಾಗಿ ಉಳ್ಳ ಪರಂಪರೆಯಲ್ಲಿ ಬೆಳೆದ ನಮಗೆ ಜೀವಿಯೊಂದರ ಬಾಯಿಗೆ ಗಾಳ ಸಿಕ್ಕಿಸುವುದು ವಿನೋದವಾಗಿ ತೋರದು. ಆದರೆ ಸೋಮೇಶ್ವರನ ಚರಿತ್ರೆಯಲ್ಲಿ ವಿದ್ಯೆಯನ್ನು ಅರಸುವವರು ತಿಳಿಯತಕ್ಕ ಒಂದು ಸಂಗತಿಯಿದೆ. ಅದಕ್ಕಾಗಿಯೇ ಈ ಬರಹ.

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ. ಕ್ರಿ.ಶ. 1076ರಲ್ಲಿ ಸಿಂಹಾಸನವನ್ನೇರಿ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿ, ಅರ್ಧ ಶತಮಾನದ ಕಾಲ ಕನ್ನಡ ನಾಡನ್ನಾಳಿದ ಮಹಾಪುರುಷ. ಅವನ ಆಸ್ಥಾನದಲ್ಲಿ ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯಿದ್ದನು; ಮಿತಾಕ್ಷರವನ್ನು ರಚಿಸಿ ಧರ್ಮಶಾಸ್ತ್ರಕ್ಕೆ ಭಾಷ್ಯಕಾರನಾದ ವಿಜ್ಞಾನೇಶ್ವರನಿದ್ದನು. ಕತ್ತಿಯ ಸಪ್ಪಳ, ಲೇಖನಿಯ ಸಪ್ಪಳ ಎರಡನ್ನೂ ಕೇಳುತ್ತ ರಾಜಕುಮಾರನು ಬೆಳೆದನು. ತಂದೆಯ ಮೇಲಿನ ಭಕ್ತಿಯಿಂದ ಮುಂದೆ ಅವನ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯವೆಂಬ ಹೆಸರಿನಲ್ಲಿ ಸಂಸ್ಕೃತದಲ್ಲಿ ಬರೆಯಲು ತೊಡಗಿದನು. ಆ ಗ್ರಂಥವು ನಮಗೆ ಪೂರ್ಣವಾಗಿ ದೊರೆತಿಲ್ಲ.

1126ರ ಸುಮಾರಿಗೆ ವಿಕ್ರಮಾದಿತ್ಯನು ಕಾಲವಾಗಲು ಸೋಮೇಶ್ವರನು ಪಟ್ಟವನ್ನೇರಿದನು. ಅವನ ಕೈಗೆ ಬಂದುದು ವಿಸ್ತಾರವಾದ ಸಾಮ್ರಾಜ್ಯವೇ ಹೌದು. ಆದರೆ ಅದರ ಅಂಚುಗಳು ಆಗಲೇ ಸಡಿಲಗೊಳ್ಳತೊಡಗಿದ್ದವು. ಪೂರ್ವದಲ್ಲಿ ವಿಕ್ರಮ ಚೋಳನು ವೆಂಗಿಯನ್ನು ಮರಳಿ ವಶಪಡಿಸಿಕೊಂಡನು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾತ್ರ ಮಾಂಡಲಿಕನಾಗಿದ್ದುಕೊಂಡು, ಸ್ವತಂತ್ರನಾಗುವ ಹವಣಿಕೆಯಲ್ಲಿ ವರ್ಷವರ್ಷಕ್ಕೂ ಬಲಿಯುತ್ತಿದ್ದನು. ತಂದೆಯಂತೆ ದಂಡೆತ್ತಿ ಹೋಗಿ ಗಡಿಗಳನ್ನು ಹಿಗ್ಗಿಸಿದ ಕೀರ್ತಿ ಮಗನದಾಗಲಿಲ್ಲ. ಶೈವ ದೇವಾಲಯಗಳಿಗೂ ಮಠಗಳಿಗೂ ಅವನು ಭೂದತ್ತಿಗಳನ್ನು ನೀಡಿದನೆಂಬುದನ್ನು ಶಾಸನಗಳು ಸಾರುತ್ತವೆ. ಅಂದಿನ ಮಠಗಳೆಂದರೆ ಕೇವಲ ಪೂಜಾಸ್ಥಾನಗಳಲ್ಲ. ಬಳ್ಳಿಗಾವೆಯ ಕೋಡಿಯಮಠವು ವ್ಯಾಕರಣಾದಿ ಶಾಸ್ತ್ರಗಳ ಪಾಠ, ಅನ್ನದಾನ, ರೋಗಿಗಳ ಶುಶ್ರೂಷೆ ಇವೆಲ್ಲವನ್ನೂ ನಡೆಸುತ್ತಿದ್ದುದನ್ನು 1162ರ ಶಾಸನವು ವಿಸ್ತಾರವಾಗಿ ಹೇಳುತ್ತದೆ. ವಿದ್ಯಾದಾನಕ್ಕೆ ನೆರವಾಗುವ ನಮ್ಮ ದಾನಿಗಳು ನಡೆದು ಬಂದ ದಾರಿ ಎಷ್ಟು ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ.

ಸೋಮೇಶ್ವರನನ್ನು ಅಮರಗೊಳಿಸಿದುದು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥ. ಅಭಿಲಷಿತಾರ್ಥ ಚಿಂತಾಮಣಿಯೆಂಬುದು ಅದರ ಇನ್ನೊಂದು ಹೆಸರು. 1129ರ ಸುಮಾರಿಗೆ, ಅಂದರೆ ಅವನು ಪಟ್ಟವೇರಿದ ಕೆಲವೇ ವರ್ಷಗಳಲ್ಲಿ, ಇದು ರಚಿತವಾಯಿತು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು ಅಧ್ಯಾಯಗಳು. ಶ್ಲೋಕಗಳು ಸುಮಾರು 8000. ರಾಜ್ಯವನ್ನು ಪಡೆಯುವುದಕ್ಕೆ ಬೇಕಾದ ಗುಣಗಳು ಮೊದಲನೆಯದರಲ್ಲಿ, ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಬಗೆ ಎರಡನೆಯದರಲ್ಲಿ, ಉಪಭೋಗಗಳು ಮೂರನೆಯದರಲ್ಲಿ, ವಿನೋದಗಳು ನಾಲ್ಕನೆಯದರಲ್ಲಿ, ಕ್ರೀಡೆಗಳು ಐದನೆಯದರಲ್ಲಿ ನಿರೂಪಿತವಾಗಿವೆ. ರತ್ನಪರೀಕ್ಷೆ, ಗಜಶಾಸ್ತ್ರ, ವೈದ್ಯ, ಜ್ಯೋತಿಷ, ಚಿತ್ರ, ಸಂಗೀತ, ನೃತ್ಯ ಒಂದನ್ನೂ ಅವನು ಬಿಟ್ಟಿಲ್ಲ. ಅಡುಗೆಯ ಅಧ್ಯಾಯದಲ್ಲಿ ಇಡ್ಡರಿಕೆಯೂ ದೋಸೆಯೂ ಪೂರಿಕೆಯೂ ಬರುತ್ತವೆ. ಕುಟ್ಟುವಾಗ ಹೆಂಗಳೆಯರು ಹಾಡುವ ತ್ರಿಪದಿಯನ್ನು ಕೂಡ ಚಕ್ರವರ್ತಿಯು ಕಿವಿಗೊಟ್ಟು ಕೇಳಿ ದಾಖಲಿಸಿದ್ದಾನೆ. ಒನಕೆಯ ಹಾಡನ್ನು ಸಂಸ್ಕೃತ ಶಾಸ್ತ್ರಗ್ರಂಥದೊಳಕ್ಕೆ ಬರಮಾಡಿಕೊಂಡ ಆ ಮನಸ್ಸು ಸಾಮಾನ್ಯವಾದುದಲ್ಲ.

ಈ ವಿನೋದಗಳ ಸಾಲಿನಲ್ಲಿ ಮಲ್ಲಯುದ್ಧ, ಕುಕ್ಕುಟಯುದ್ಧ, ಬೇಟೆ, ಗೀತ, ನೃತ್ಯಗಳೊಡನೆ ಮತ್ಸ್ಯವಿನೋದವೂ ಒಂದು. ಅಲ್ಲಿ ಸಮುದ್ರದವೂ ಸಿಹಿನೀರಿನವೂ ಸೇರಿ 35 ಬಗೆಯ ಮೀನುಗಳು ಹೆಸರುಗೊಂಡಿವೆ. ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ಮೊದಲು ಅವುಗಳನ್ನು ವಿಂಗಡಿಸಿ, ವಾಸಿಸುವ ನೀರು ಯಾವುದು, ಬೆಳೆಯುವ ಗಾತ್ರವೆಷ್ಟು ಎಂದು ಮುಂದೆ ವಿವರಿಸಿದ್ದಾನೆ. ಇಂದಿನ ಮತ್ಸ್ಯವಿಜ್ಞಾನಿಯು ಮೀನನ್ನು ಗುರುತಿಸಲು ತೊಡಗುವಾಗಲೂ ಹುರುಪೆಯನ್ನು ನೋಡುತ್ತಾನೆಂಬುದು ಗಮನಾರ್ಹ.

ಅದಕ್ಕಿಂತಲೂ ಸ್ವಾರಸ್ಯವಾದುದು ಆಹಾರದ ವಿಚಾರ. ಎಲ್ಲ ಮೀನುಗಳಿಗೂ ಒಂದೇ ತಿನಿಸು ಸಲ್ಲದು. ಹಿಟ್ಟಿನ ಉಂಡೆ, ಎಳ್ಳಿನ ಹಿಂಡಿ, ಅನ್ನ ಇವುಗಳಿಗೆ ಬರುವ ಮೀನು ಬೇರೆ. ಮಾಂಸದ ತುಣುಕಿಗೆ ಮಾತ್ರ ಬಾಯಿ ತೆರೆಯುವ ಮೀನು ಬೇರೆ. ಗಾಳ ಹಾಕುವುದಕ್ಕೆ ಮೊದಲು ಆಯಾ ಮೀನಿಗೆ ಒಗ್ಗುವ ಆಹಾರವನ್ನು ಹಾಕುತ್ತ, ಅದು ಆ ಸ್ಥಳಕ್ಕೆ ರೂಢಿಯಾಗುವಂತೆ ಮಾಡಬೇಕು. ಆಮೇಲೆ ಬಿದಿರಿನ ಕೋಲು, ನಾರಿನಿಂದ ಹೊಸೆದ ದಾರ, ಕಬ್ಬಿಣದ ಗಾಳ, ತಕ್ಕ ಎರೆ. ಕೋಲಿನ ಹಿಂದೆ ಕುಳಿತವನಿಗೆ ಬೇಕಾದುದು ತೋಳ್ಬಲವಲ್ಲ, ನೀರಿನ ಅರಿವು ಎಂಬುದು ಇದರ ತಾತ್ಪರ್ಯ. ಇಂದು ಕೆರೆ ಜಲಾಶಯಗಳ ದಂಡೆಯಲ್ಲಿ ಕೋಲು ಹಿಡಿದು ಕೂರುವ ಹವ್ಯಾಸಿಯ ವಿದ್ಯೆಗೂ ಮೂಲತತ್ತ್ವ ಇದಕ್ಕಿಂತ ಬೇರೆಯಲ್ಲ. ಯಾವ ನೀರಿನಲ್ಲಿ ಯಾವ ಮೀನಿದೆ, ಅದು ಏನನ್ನು ತಿನ್ನುತ್ತದೆ ಎಂಬುದನ್ನು ಅರಿಯದವನು ದಿನವಿಡೀ ಕುಳಿತರೂ ಬರಿಗೈಯಲ್ಲಿ ಮನೆಗೆ ಮರಳುತ್ತಾನೆ.

ಇಲ್ಲಿ ಎರಡು ಮಾತುಗಳನ್ನು ಮುಚ್ಚಿಡದೆ ಹೇಳಬೇಕಾಗಿದೆ. ಮೊದಲನೆಯದು, ಹಲವು ದಿನ ಅನ್ನವಿಕ್ಕಿ ನಂಬಿಸಿ, ನಂಬಿ ಬಂದುದನ್ನೇ ಗಾಳಕ್ಕೆ ಸಿಕ್ಕಿಸುವ ಈ ವಿನೋದವನ್ನು ಓದುವಾಗ ಮನಸ್ಸು ಮುದುಡುತ್ತದೆ. ಹಸಿವಿಗಾಗಿ ಬಲೆ ಬೀಸುವ ಬಡವನ ಕೆಲಸ ಬೇರೆ, ಹೊತ್ತು ಕಳೆಯಲು ಗಾಳ ಹಾಕುವ ಅರಸನ ಕೆಲಸ ಬೇರೆ. ಗ್ರಂಥಕರ್ತನ ಪಾಂಡಿತ್ಯಕ್ಕೆ ತಲೆಬಾಗುವಾಗ ಈ ವ್ಯತ್ಯಾಸವನ್ನು ಮರೆಯಬೇಕಾಗಿಲ್ಲ. ಎರಡನೆಯದು, ಇಷ್ಟು ಸೂಕ್ಷ್ಮವಾದ ತಿಳಿವಳಿಕೆ ಅರಮನೆಯ ಉಪ್ಪರಿಗೆಯ ಮೇಲೆ ಹುಟ್ಟತಕ್ಕದ್ದಲ್ಲ. ನಸುಕಿನಲ್ಲಿ ಎದ್ದು ಮಡುವಿಗಿಳಿದವರು, ತಲೆತಲಾಂತರದಿಂದ ಹೊಳೆಯನ್ನು ನಂಬಿ ಬದುಕಿದವರು ಅದನ್ನು ಕಲಿಸಿರಬೇಕೆಂದು ಊಹಿಸುವುದು ಕಷ್ಟವಲ್ಲ. ಅಂಥವರ ಹೆಸರು ಗ್ರಂಥದಲ್ಲಿ ಉಳಿಯಲಿಲ್ಲ. ಬರೆಸಿದ ದೊರೆಯ ಹೆಸರು ಉಳಿಯಿತು. ಆದರೆ ಕಾಲಪುರುಷನ ಲೆಕ್ಕ ಬೇರೆ. ಸೋಮೇಶ್ವರನು ಆಳಿದ ಅದೇ ಕಲ್ಯಾಣದಲ್ಲಿ ಒಂದೇ ತಲೆಮಾರಿನ ತರುವಾಯ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾದರು. ದೋಣಿ ನಡೆಸಿ ಬದುಕಿದ ಅಂಬಿಗರ ಚೌಡಯ್ಯನವರು ಶರಣರ ಸಮೂಹದಲ್ಲಿ ತಮ್ಮ ಹೆಸರಿನಿಂದಲೇ, ತಮ್ಮ ನಿರ್ಭೀತ ನುಡಿಯಿಂದಲೇ ನಿಂತರು. ಅರಸನ ಗ್ರಂಥದಲ್ಲಿ ಹೆಸರಿಲ್ಲದಿದ್ದ ನೀರಿನ ಕಾಯಕಕ್ಕೆ ಶರಣರ ನಡುವೆ ಹೆಸರು ಬಂದಿತು.

ಸೋಮೇಶ್ವರನು 1138ರ ಸುಮಾರಿಗೆ ತೀರಿಕೊಂಡನು. ಅವನ ಮಗ ಜಗದೇಕಮಲ್ಲನು ಪಟ್ಟಕ್ಕೆ ಬಂದನು. ಮುಂದೆ ಎರಡು ದಶಕಗಳಲ್ಲಿಯೇ ಕಳಚುರಿ ಬಿಜ್ಜಳನು ಪ್ರಬಲನಾದನು. ಹನ್ನೆರಡನೆಯ ಶತಮಾನವು ಮುಗಿಯುವಷ್ಟರಲ್ಲಿ ಚಾಲುಕ್ಯ ವಂಶದ ದೀಪವೇ ನಂದಿತು. ಅವನು ಕಾಯಲಾರದೆ ಹೋದ ಗಡಿಗಳನ್ನು ಇಂದು ಇತಿಹಾಸದ ವಿದ್ಯಾರ್ಥಿಯ ಹೊರತು ಯಾರೂ ನೆನೆಯರು. ಉಳಿದುದು ಓಲೆಯ ಮೇಲೆ ಬರೆದುದು ಮಾತ್ರ. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು 1925ರಲ್ಲಿ ಮಾನಸೋಲ್ಲಾಸದ ಮೊದಲ ಸಂಪುಟವನ್ನು ಸಂಪಾದಿಸಿ ಹೊರತಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿಕೊಟ್ಟ ಆರ್. ಶಾಮಾಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಇದರ ಒಂದು ಭಾಗವನ್ನು ಪ್ರಕಟಿಸಿದರು. 1951ರಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು ಮತ್ಸ್ಯವಿನೋದವನ್ನೇ ಆಯ್ದುಕೊಂಡು ಪ್ರಬಂಧ ಬರೆದರು. ಕನ್ನಡ ದೊರೆಯೊಬ್ಬನು ಗಮನಿಸಿ ಬರೆದುದನ್ನು ಎಂಟು ಶತಮಾನಗಳ ತರುವಾಯ ಪಂಜಾಬದಲ್ಲಿ ಹುಟ್ಟಿದ ವಿಜ್ಞಾನಿಯು ಓದಿ ಬೆರಗಾದದ್ದು ನಮಗೆ ಹೆಮ್ಮೆಯ ಸಂಗತಿ. ಆ ಬೆರಗು ಮೊದಲು ನಮ್ಮವರಿಗೆ ಹುಟ್ಟಲಿಲ್ಲವೆಂಬುದು ಅಷ್ಟೇ ನಾಚಿಕೆಯ ಸಂಗತಿ.

ಈಗ ನಮ್ಮ ಹೊಳೆಯತ್ತ ಬರೋಣ. ಗೋಕಾಕದ ಜಲಪಾತವು ಪ್ರಕೃತಿಯೇ ಕಟ್ಟಿದ ಗೋಡೆ. ಕೆಳಗಿನ ಮೀನು ಅದನ್ನು ಏರಿ ಬರಲಾರದು. ಅದರ ಮೇಲ್ಗಡೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧೂಪದಾಳದ ಒಡ್ಡು ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುವ ಹಿಡಕಲ್ಲಿನ ಅಣೆಕಟ್ಟು ಬಂದಿತು. ಹೊಲಗಳು ಹಸಿರಾದವು, ನಾಲೆಯ ನೀರಿನ ಋಣ ನಮ್ಮೆಲ್ಲರ ಮೇಲಿದೆ. ಆದರೆ ಮುಂಗಾರಿನ ಹೊಸನೀರಿಗೆ ಎದುರೇರಿ ಹೋಗಿ ಮೊಟ್ಟೆಯಿಡುವ ಮೀನುಗಳಿಗೆ ಪ್ರತಿಯೊಂದು ಒಡ್ಡೂ ಮುಚ್ಚಿದ ಬಾಗಿಲೇ ಸರಿ. ಕೃಷ್ಣೆಯ ಕೊಳ್ಳದ ಹೆಮ್ಮೆಯಾದ ದಖ್ಖನಿನ ಮಹಸೀರ್ ಮೀನನ್ನು 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿಯು ಪುಣೆಯ ಮುಳಾ ಮುಠಾ ಹೊಳೆಯ ಮಾದರಿಯಿಂದ ವಿಜ್ಞಾನಕ್ಕೆ ಪರಿಚಯಿಸಿದನು. ಅದು ಇಂಥ ಎದುರೇರುವ ಕುಲಕ್ಕೆ ಸೇರಿದುದು. ಇಂದು ನಮ್ಮ ರಾಜ್ಯದ ಜಲಾಶಯಗಳಲ್ಲಿ ಬಿತ್ತುವ ಕಾಟ್ಲಾ, ರೋಹು, ಮೃಗಾಲ್ ಮರಿಗಳಾದರೋ ಮೂಲತಃ ಗಂಗೆಯ ಸೀಮೆಯವು. ಅವುಗಳಿಂದ ಬಲೆಗಾರರ ಒಲೆ ಉರಿಯುತ್ತದೆ, ಅದು ಒಳ್ಳೆಯದೇ. ಆದರೆ ಹೊಳೆಯ ಹಳೆಯ ಒಕ್ಕಲನ್ನೂ ಲೆಕ್ಕವಿಟ್ಟು ಕಾಯದೆ ಹೋದರೆ, ಮರಿಮೀನನ್ನೂ ಸೋಸಿ ತೆಗೆಯುವ ಸಣ್ಣ ಕಣ್ಣಿನ ಬಲೆಯನ್ನು ಬಿಡದೆ ಹೋದರೆ, ಮೊಟ್ಟೆಯ ಕಾಲದಲ್ಲಿ ಹೊಳೆಗೆ ಬಿಡುವು ಕೊಡದೆ ಹೋದರೆ, ಬಲೆಗೂ ಗಾಳಕ್ಕೂ ಏನೂ ಉಳಿಯದು. ಲೆಕ್ಕವಿಡುವುದಕ್ಕೆ ಮೊದಲು ಗುರುತಿಸಬೇಕು. ಗುರುತಿಸುವುದಕ್ಕೆ ಮೊದಲು ನೋಡಬೇಕು. ಸೋಮೇಶ್ವರನಿಂದ ಕಲಿಯತಕ್ಕದ್ದು ಈ ನೋಟವನ್ನೇ ಹೊರತು ಆ ವಿನೋದವನ್ನಲ್ಲ.

ಕೊನೆಗೊಂದು ಸ್ವಂತ ಮಾತು. ಬಾಲ್ಯದಲ್ಲಿ ನಾನು ಅಮರಕೋಶದ ವಾರಿವರ್ಗವನ್ನು ಕಂಠಪಾಠ ಮಾಡಿದ್ದೆ. ಪಾಠೀನವೆಂದರೆ ಸಹಸ್ರದಂಷ್ಟ್ರವೆಂದು ನಿದ್ದೆಯಲ್ಲಿಯೂ ಹೇಳುತ್ತಿದ್ದೆ. ಅದಕ್ಕೆ ಸಾವಿರ ಹಲ್ಲೇಕೆ ಎಂದು ನಾನು ಕೇಳಲಿಲ್ಲ, ಗುರುಗಳು ಹೇಳಲೂ ಇಲ್ಲ. ಹಲವು ವರ್ಷಗಳ ತರುವಾಯ ತರಗತಿಯಲ್ಲಿ ಆ ಪದವನ್ನು ಬೋಧಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಸಂಕೋಚದಿಂದ ಎದ್ದು ನಿಂತು, ಅದು ಬಾಳೆಮೀನಿರಬೇಕು ಗುರುಗಳೇ, ಅದರ ಬಾಯಿ ತುಂಬ ಸಣ್ಣ ಹಲ್ಲಿರುತ್ತವೆ, ಬೆರಳಿಟ್ಟರೆ ಕೊಯ್ಯುತ್ತದೆ ಎಂದನು. ಅವನ ಮನೆಯವರು ಹೊಳೆಯಲ್ಲಿ ಬಲೆ ಹಾಕುವವರು. ಉಳಿದ ಹುಡುಗರು ನಕ್ಕರು. ನಾನು ನಗಲಿಲ್ಲ, ಆದರೆ ಅವನನ್ನು ಹತ್ತಿರ ಕರೆದು ಇನ್ನಷ್ಟು ಕೇಳಿ ತಿಳಿಯಬೇಕಾಗಿದ್ದಿತು, ಅದನ್ನೂ ಮಾಡಲಿಲ್ಲ. ಪಾಠ ಮುಂದೆ ಸಾಗಿತು. ಸಾಮ್ರಾಜ್ಯದ ಚಿಂತೆಯ ನಡುವೆಯೂ ಸೋಮೇಶ್ವರ ಚಕ್ರವರ್ತಿಯು ಇಂಥ ಮಾತಿಗೆ ಕಿವಿಗೊಡಲು ಬಿಡುವು ಮಾಡಿಕೊಂಡಿರಬೇಕು. ಒಂದು ತರಗತಿಯ ಒಡೆಯನಾದ ನನಗೆ ಆ ಬಿಡುವು ಆಗಲಿಲ್ಲವೆಂಬ ಖೇದ ಇಂದಿಗೂ ಇದೆ.

ನಮ್ಮ ಶಾಲೆಗೆ ಹೊಲದಿಂದ, ಮಗ್ಗದಿಂದ, ಹೊಳೆಯ ದಡದಿಂದ ಮಕ್ಕಳು ಬರುತ್ತಾರೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ; ಹಿರಿಯರು ಕಲಿಸಿದ ಒಂದಿಷ್ಟು ಅರಿವನ್ನು ತಂದಿರುತ್ತಾರೆ. ಅದನ್ನು ಕೇಳಿ, ಬರೆದು, ಗೌರವಿಸುವ ಗುರುಗಳು ದೊರೆತರೆ ಹೊಸ ಮಾನಸೋಲ್ಲಾಸಗಳು ಹುಟ್ಟಿಯಾವು. ಆಗ ಕಲಿಸಿದವರ ಹೆಸರೂ ಅವುಗಳಲ್ಲಿ ಉಳಿಯಲೆಂದು ಹಾರೈಸಿ ವಿರಮಿಸುತ್ತೇನೆ.